ಗೋಡೆ ಮುಟ್ಟಿ ನೋಡುವ ಮಾಮ

ಕಾಮಯಗೌಂಡನ್‌ಪಟ್ಟಿಯ ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ಆವತ್ತು ಇದ್ದವರು ನಾಲ್ವರು. ಗೊನೆಯಿಂದ ಕೊಳೆತ ಹಣ್ಣು ಕತ್ತರಿಸುತ್ತಿದ್ದ ಅಜ್ಜಿ, ಪೆಟ್ಟಿಗೆಗೆ ಕಾಗದ ಹಾಸುತ್ತಿದ್ದ ಅವ್ವ, ಕೆಲಸ ಮಾಡುವಂತೆ ನಟಿಸುತ್ತಿದ್ದ ನಾನು, ಚಪ್ಪರದ ಕಲ್ಲುಕಂಬವನ್ನು ಅಂಗೈಯಿಂದ ಸವರುತ್ತಾ ನಿಂತಿದ್ದ ಮಾಮ, ಅಂದರೆ ಅವ್ವನ ತಮ್ಮ, ಅಜ್ಜಿಯ ಮಗ. ನಾಲ್ವರಲ್ಲಿ ಮೂವರ ತಲೆ ನೆಟ್ಟಗಿತ್ತು.

"ಈ ಕಂಬ ಚೆನ್ನಾಗೈತೆ ಅಕ್ಕ. ಒರಟು. ಕಾಲು ನಿಲ್ಲುತ್ತೆ," ಎಂದರು ಮಾಮ.

ಯಾರ ಕಾಲು? ಬಾರ್ನಕಲ್ ಮರಿಯ ಕಾಲು! ಸಮುದ್ರಕ್ಕೆ ನಮ್ಮೂರಿನಿಂದ ಅರ್ಧ ದಿನದ ಬಸ್ ಪ್ರಯಾಣ.

ಮೂವತ್ತು ವರ್ಷ ಮಾಮ ತೂತ್ತುಕುಡಿಯಲ್ಲಿ ಮಾಡಿದ್ದು ಒಂದೇ ಕೆಲಸ. ಹಡಗಿನ ತಳಕ್ಕೂ ಬಂದರಿನ ಕಂಬಗಳಿಗೂ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಎಲ್ಲಿ ನೆಲೆ ಹಿಡಿಯುತ್ತದೆ ಎಂದು ಕಾಯುವುದು. ಹಲಗೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ವಾರ ಬಿಟ್ಟು ಎತ್ತಿ ನೋಡುವುದು. ಅದರ ಮರಿ ಸಾಸಿವೆ ಕಾಳಿಗಿಂತ ಸಣ್ಣದು. ಆದರೆ ಜಂಬ ನೋಡಿ! ನೀರು ಬೆಚ್ಚಗಿದೆಯೇ, ಉಪ್ಪು ಹದವಾಗಿದೆಯೇ, ಸೆಳೆತ ಎಷ್ಟು, ಬೆಳಕು ಎಷ್ಟು, ಜಾಗ ನುಣುಪೋ ಒರಟೋ ಎಂದು ಹೆಜ್ಜೆ ಇಟ್ಟಿಟ್ಟು ನೋಡುತ್ತದೆಯಂತೆ. ಒಪ್ಪಿದರೆ ತಲೆಯನ್ನೇ ಅಂಟಿಸಿಕೊಂಡು ಕೂತುಬಿಡುತ್ತದೆ. ಆಮೇಲೆ ಸಾಯುವ ತನಕ ವಿಳಾಸ ಬದಲಾಗದು.

ಒಮ್ಮೆ ಪೊಂಗಲ್‌ಗೆ ಬರುವಾಗ ನಮಗೆ ತೋರಿಸಲೆಂದು ಬಾರ್ನಕಲ್ ಮುತ್ತಿದ ಹಲಗೆಗಲ್ಲೊಂದನ್ನು ಕ್ಯಾನ್ ತುಂಬ ಸಮುದ್ರದ ನೀರಿನ ಜೊತೆ ತಂದರು. ಕ್ಯಾನಿನಲ್ಲಿ ಏನಿದೆ ಎಂದು ಕಂಡಕ್ಟರ್ ಗದರಿದನಂತೆ. ಸಮುದ್ರ ಎಂದರಂತೆ ಮಾಮ. ನಂಬದ ಆತ ಒಂದು ಬೆರಳು ಅದ್ದಿ ನೆಕ್ಕಿದ. ಉತ್ತಮಪಾಳಯಂ ಬರುವವರೆಗೂ ಕಿಟಕಿಯಿಂದ ಹೊರಗೆ ಉಗುಳುತ್ತಲೇ ಇದ್ದನಂತೆ! ಇನ್ನು ಆ ಕಲ್ಲು? ಮಾರನೇ ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಅದರ ಮೇಲೆ ಹಿಮ್ಮಡಿ ಉಜ್ಜುತ್ತಿದ್ದಳು. "ಇಷ್ಟು ವರ್ಷ ಓದಿದ್ದಕ್ಕೆ ಒಂದಾದ್ರೂ ಉಪಯೋಗದ ಸಾಮಾನು ತಂದಿದ್ದಾನೆ," ಎಂದು ಊರಿಗೆಲ್ಲ ಹೇಳಿದಳು.

ಮಾಮನಿಗೆ ಮದುವೆಯಾಗಲಿಲ್ಲ. ಅಲ್ಲಿ ಬೆಳಗಾದರೆ ತಮಿಳು, ಸಂಜೆಯಾದರೆ ತಮಿಳು. ಮನೆಯಲ್ಲಿ ನಾವಾಡುವ ಕನ್ನಡ ಮಾತಾಡಲು ಒಂದು ನರಪಿಳ್ಳೆ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಜ್ಜಿಗೆ ಫೋನ್ ಮಾಡುತ್ತಿದ್ದರು. ವಿಷಯವೇನೂ ಇರುತ್ತಿರಲಿಲ್ಲ. ಏನಾದರೂ ಹೇಳು ಎನ್ನುವುದು, ಕೇಳುತ್ತಾ ಕೂರುವುದು. ಅಜ್ಜಿ ಸಾರಿಗೆ ಏನೇನು ಹಾಕಿದೆ ಎಂದು ವರದಿ ಒಪ್ಪಿಸುವಳು. ಆ ಕಡೆಯಿಂದ ಬರೀ ಅಲೆಯ ಸದ್ದು. ಒಂದು ಸಂಜೆ ನಾನು ಫೋನ್ ಎತ್ತಿ, ಬಾಯಿ ತಪ್ಪಿ ತಮಿಳಿನಲ್ಲಿ ಮಾತಾಡಿದೆ. ಮಾಮ, "ಅಜ್ಜಿ ಕೈಗೆ ಕೊಡಮ್ಮ," ಎಂದರು.

ಈಗ ನಿವೃತ್ತಿಗೆ ಕೆಲವೇ ತಿಂಗಳು. ಅಕ್ಕನ ಮನೆಯಲ್ಲಿ ನೆಂಟನಾಗಿ ಇರಬಹುದು, ನೆಲೆಸಬಾರದು ಎಂಬುದು ಅವರ ಹಟ. ಹಾಗಾಗಿ ಮನೆ ಹುಡುಕಾಟ ಶುರುವಾಯಿತು. ಅಯ್ಯೋ, ಅದನ್ನು ಹುಡುಕಾಟ ಎನ್ನುತ್ತಾರೆಯೇ? ಹೋದಲ್ಲೆಲ್ಲ ಮಾಮ ಅಂಗೈಯಿಂದ ಗೋಡೆ ಸವರುವರು, ಮೂಗೆತ್ತಿ ಗಾಳಿ ಎಳೆಯುವರು. ಉತ್ತಮಪಾಳಯಂನ ಮಹಡಿ ಮನೆಯ ಮುಂದೆ ಬಸ್ಸುಗಳ ಓಡಾಟ, ಸೆಳೆತ ಜಾಸ್ತಿಯಾಯಿತು. ಹನುಮಂತನಪಟ್ಟಿಯ ಹೊಸ ಮನೆಯ ನೆಲ ಕನ್ನಡಿಯಂತಿತ್ತು; ಅಂಟು ಹಿಡಿಯುವುದಿಲ್ಲ ಎಂದರು. ಮನೆಯವರು ಪಾಪ, ಅದು ಒಳ್ಳೇ ಟೈಲ್ಸು, ಕೊಳೆ ಅಂಟುವುದೇ ಇಲ್ಲ, ಒಮ್ಮೆ ಒರೆಸಿದರೆ ಸಾಕು ಎಂದು ಸಂಭ್ರಮದಿಂದ ಒಪ್ಪಿಕೊಂಡರು!

ಕೊನೆಗೆ ನಮ್ಮ ಎದುರಿನ ಖಾಲಿ ಹಂಚಿನ ಮನೆ. ಬಿಸಿ, ಬೆಳಕು, ಒರಟು ಗೋಡೆ, ಎಲ್ಲವೂ ಹದ. ಆದರೂ ಮಾಮ ನಡುಮನೆಯಲ್ಲಿ ತುಂಬಾ ಹೊತ್ತು ನಿಂತು ಹೊರಗೆ ಬಂದುಬಿಟ್ಟರು. ಆ ದಿನವೇ ನಾವು ಚಪ್ಪರದ ಕೆಳಗೆ ಇದ್ದದ್ದು.

"ಆ ಮನೆಗೇನು ಕೊರತೆ?" ಅಜ್ಜಿ ಕತ್ತರಿ ನಿಲ್ಲಿಸದೆ ಕೇಳಿದಳು.

"ಎಲ್ಲಾ ಸರೀನೇ ಅವ್ವ. ಆದ್ರೆ ಮರಿ ಮುಖ್ಯವಾಗಿ ನೋಡೋದು ತನ್ನವರು ಯಾರಾದ್ರೂ ಮುಂಚೇನೇ ಅಲ್ಲಿ ಕೂತಿದಾರಾ ಅಂತ. ಆ ವಾಸನೆ ಇಲ್ಲ ಅಂದ್ರೆ ಅದಕ್ಕೆ ಮನಸು ಬರಲ್ಲ."

"ಸಿಕ್ಕಲಿಲ್ಲ ಅಂದ್ರೆ?"

"ಆ ವಯಸ್ಸಲ್ಲಿ ಅದು ಏನೂ ತಿನ್ನಲ್ಲ ಅವ್ವ. ಮೈಯಲ್ಲಿರೋ ಕೊಬ್ಬಲ್ಲೇ ಅಲೀತದೆ. ಅದು ಕರಗೋದ್ರೊಳಗೆ ಎಲ್ಲಾದ್ರೂ ಸರಿ ಅಂತ ಅಂಟ್ಕೋಬೇಕು. ಇಲ್ಲಾಂದ್ರೆ..." ಮಾಮ ಮತ್ತೆ ಕಂಬ ಸವರತೊಡಗಿದರು. ತೂತ್ತುಕುಡಿಯ ಬಾಡಿಗೆ ಕೋಣೆಯಲ್ಲೇ ಇದ್ದುಬಿಡುತ್ತೇನೆ, ಅದೂ ಅಭ್ಯಾಸವಾಗಿದೆ ಎಂದರು.

ಅಜ್ಜಿಯ ಕತ್ತರಿ ನಿಂತಿತು. "ಹಂಗಾದ್ರೆ ಮೊದಲನೇದು ಯಾವ ಧೈರ್ಯದ ಮೇಲೆ ಕೂತ್ಕೊಂತು?"

"ಯಾರಾದ್ರೂ ಒಬ್ಬರು ಕೂರಬೇಕಲ್ಲ ಅವ್ವ," ಎಂದಷ್ಟೇ ಹೇಳಿ ಮಾಮ ತೂತ್ತುಕುಡಿಯ ಸಂಜೆಯ ಬಸ್ಸು ಹತ್ತಿದರು.

ಮುಂದಿನ ಶುಕ್ರವಾರ ಅಜ್ಜಿ ಬಾಡಿಗೆ ಮಾತಾಡಿ, ಚಾಪೆ, ಚೊಂಬು, ಹಿಮ್ಮಡಿ ಉಜ್ಜುವ ಕಲ್ಲು ಎತ್ತಿಕೊಂಡು ಬೀದಿ ದಾಟಿ ಎದುರು ಮನೆಗೆ ಹೋದಳು. ಮಗಳು ಮನೆಯಿಂದ ಓಡಿಸಿದಳು ಅಂತ ಊರು ನಗುತ್ತದೆ ಎಂದು ಅವ್ವ ಅತ್ತಳು. ಅಜ್ಜಿ ಕೇಳಲಿಲ್ಲ. ಖಾಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿ, ನಮಗೆಲ್ಲ ಒಂದೊಂದು ಲೋಟ ಕೊಟ್ಟಳು. ಅಂದಿನಿಂದ ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಬೀದಿಯ ಹೆಂಗಸರನ್ನೆಲ್ಲ ಕರೆದು ಜಗಲಿಯ ಮೇಲೆ ಕೂರಿಸಿಕೊಂಡು ಮನೆಮಾತಿನಲ್ಲಿ ಹರಟುವಳು. ಫೋನಿನಲ್ಲಿ ಮಾತ್ರ ಮಗನಿಗೆ ಈ ಸುದ್ದಿ ಬಿಡಲಿಲ್ಲ. ಸಾರಿಗೆ ಏನು ಹಾಕಿದೆ ಎಂದಷ್ಟೇ ಹೇಳಿದಳು.

ನಾಲ್ಕು ತಿಂಗಳ ಮೇಲೆ, ನಿವೃತ್ತಿಯಾದ ಬಳಿಕ, ಮಾಮ ಎರಡು ಚೀಲ ಹಿಡಿದು ಬಂದರು, ವಾರ ಇದ್ದು ಹೋಗಲೆಂದು. ಅಜ್ಜಿ ಎಲ್ಲಿ ಎಂದರು. ನಾನು ಎದುರು ಮನೆ ತೋರಿಸಿದೆ. ಬಾಗಿಲು ತೆರೆದಿತ್ತು. ಒಳಗಿನಿಂದ ಒಗ್ಗರಣೆಯ ಘಮ.

"ಬಂದ್ಯಾ ಸಾಮಿ," ಎಂದಳು ಅಜ್ಜಿ.

ಮಾಮ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಚೀಲ ಇಳಿಸಿದರು. ಗೋಡೆ ಮುಟ್ಟಿ ನೋಡದೆ ಅಜ್ಜಿಯ ಚಾಪೆಯ ಮೇಲೆ ಕೂತರು.