ಡೆಲೋಸ್ ದ್ವೀಪದಾಗ ನಮ್ಮ ಅತ್ತಿ

ನಮ್ಮ ಅತ್ತೆಯವರನ್ನು ಕರಕೊಂಡು ಎಲ್ಲಿಗೇ ಹೋಗಲಿ, ನೋಡಿದ ಊರು ಮರೆತುಹೋಗುತ್ತದೆ, ಅತ್ತೆಯವರು ಆಡಿದ್ದು ಉಳಿಯುತ್ತದೆ. ನಾನು ಆಳಂದದಲ್ಲಿ ಹಲ್ಲಿನ ಡಾಕ್ಟರು, ನಮ್ಮ ಯಜಮಾನರು ವಕೀಲರು. ಅತ್ತೆ ಇಜೇರಿಯವರು, ತೊಗರಿ ಹೊಲ ಬಿಟ್ಟು ಹೊರಡುವವರೇ ಅಲ್ಲ. "ದೇವರು ಹುಟ್ಟಿದ ದ್ವೀಪ ಅದ ಅವ್ವಾ" ಎಂದು ಮಗ ಹೇಳಿದ್ದಕ್ಕೆ ಗ್ರೀಸಿಗೆ ಬಂದರು.

ನಿಂಬೆಹಣ್ಣು

ಡೆಲೋಸಿಗೆ ಬೋಟಿನಲ್ಲೇ ಹೋಗಬೇಕು. "ಅಂಜಬ್ಯಾಡವ್ವಾ, ತುಂಬಿದ ಭೀಮಾ ಹೊಳಿ ಈಜಿದಂವ ನಾ" ಎಂದು ಯಜಮಾನರು ಧೈರ್ಯ ಹೇಳಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಬೋಟು ಕುಣಿಯತೊಡಗಿದ್ದೇ ತಡ, ಎಲ್ಲರೂ ಬಾಯಿಗೆ ಕರವಸ್ತ್ರ ಹಿಡಿದರು. ಅತ್ತೆ ಚೀಲದಿಂದ ನಿಂಬೆಹಣ್ಣು ತೆಗೆದು ಪಕ್ಕದಲ್ಲಿದ್ದ ವಿದೇಶಿ ಅಜ್ಜಿಯ ಕೈಗಿಟ್ಟು "ಮೂಸ್ರಿ" ಎಂದರು. ಆಕೆಗೇನು ತಿಳಿಯಬೇಕು? ಸಿಪ್ಪೆಸಮೇತ ಕಚ್ಚಿಬಿಟ್ಟಳು! ಮುಖ ಸೊಟ್ಟಗಾಯಿತು, ವಾಂತಿ ಮಾತ್ರ ಗಪ್ಪನೆ ನಿಂತಿತು.

ಅದನ್ನು ಕಂಡ ಯಜಮಾನರು "ಅವ್ವಾ, ನನಗೂ ಒಂದು..." ಎಂದು ಕೈಚಾಚಿದರು.

"ನಿನಗ್ಯಾಕೋ? ನೀ ಭೀಮಾ ಹೊಳಿ ಈಜಿದಂವ!"

ತಲೆಯಿಲ್ಲದ ಜೋಡಿ

ಒಂದು ಪಾಳುಮನೆಯಲ್ಲಿ ಗಂಡಹೆಂಡಿರ ಎರಡು ಶಿಲ್ಪ ನಿಂತಿವೆ. ಸೀರೆಯಂಥ ನಿರಿಗೆ ಎಷ್ಟು ಚೆಂದ! ಆದರೆ ಇಬ್ಬರಿಗೂ ತಲೆಯಿಲ್ಲ.

ಅತ್ತೆ ನನ್ನ ಕಡೆ ಓರೆಗಣ್ಣಿಂದ ನೋಡಿ, "ಗಂಡನ ತಲಿ ಹೆಣ್ತಿ ತಿಂದಾಳ, ಅದು ಖರೇ. ಆಕಿ ತಲಿ ಯಾರ್ ತಿಂದರು?" ಎಂದರು.

"ಆಕಿ ಅತ್ತಿ ಇರಬೇಕ್ರಿ" ಎಂದೆ.

ಇಬ್ಬರೂ ನಕ್ಕು ನಕ್ಕು ಕಂಬ ಹಿಡಿಯಲು ಹೋದೆವು. ಕಾವಲುಗಾರ ಸೀಟಿ ಊದಿದ.

ಸಿಂಹಗಳು

ಸಾಲಾಗಿ ಕೂತು ಬಾಯಿ ತೆರೆದ ಅಮೃತಶಿಲೆಯ ಸಿಂಹಗಳು. ಮಳೆಗಾಳಿಗೆ ಸವೆದು ಬಡಕಲಾಗಿವೆ. ಯಜಮಾನರು ಕೈಮುಗಿಯುವಷ್ಟು ಭಕ್ತಿಯಿಂದ ವರ್ಣಿಸುತ್ತಿದ್ದರೆ ಅತ್ತೆ, "ಸಿಂಹ ಎಲ್ಲಿವೋ? ಖಜೂರಿ ರೋಡಿಗೆ ಲಾರಿ ಕಂಡು ಬೊಗಳೋ ನಾಯಿ ಇದ್ದಂಗ ಅವ!" ಎಂದರು. ಆಮೇಲೆ ನನಗೆ ಎಷ್ಟು ನೋಡಿದರೂ ಸಿಂಹ ಕಾಣಲಿಲ್ಲ.

ಸಾಯೂಹಂಗಿಲ್ಲ

ಪವಿತ್ರ ದ್ವೀಪವೆಂದು ಹಿಂದಿನ ಕಾಲದಲ್ಲಿ ಅಲ್ಲಿ ಯಾರೂ ಹುಟ್ಟುವಂತಿರಲಿಲ್ಲ, ಸಾಯುವಂತಿರಲಿಲ್ಲವಂತೆ. ಕೊನೆಗಾಲ ಬಂದವರನ್ನು ಪಕ್ಕದ ದ್ವೀಪಕ್ಕೆ ಸಾಗಿಸುತ್ತಿದ್ದರಂತೆ. ಗೈಡ್ ಹೇಳಿದ್ದನ್ನು ಯಜಮಾನರು ತಾಯಿಗೆ ಕನ್ನಡದಲ್ಲಿ ಹೇಳಿದರು. 'ಹಿಂದಿನ ಕಾಲ' ಎಂಬುದೊಂದನ್ನು ಬಿಟ್ಟು!

ಬಿಸಿಲೋ ಬಿಸಿಲು, ಗಿಡದ ನೆರಳಿಲ್ಲ. ಮೊಣಕಾಲು ನೋಯುತ್ತಿದ್ದ ಅತ್ತೆ ದಣಿದು ಕೆತ್ತನೆಯ ಕಲ್ಲೊಂದರ ಮೇಲೆ ಕೂತು ಕಣ್ಣು ಮುಚ್ಚಿದರು. ಹಳೆಯ ಕಲ್ಲಿನ ಮೇಲೆ ಕೂಡಬಾರದೆಂದು ಕಾವಲುಗಾರ ಸೀಟಿ ಊದುತ್ತ ಓಡಿಬಂದ. ಅತ್ತೆ ದಡಬಡಿಸಿ ಎದ್ದು ಕೈ ಮುಗಿದರು.

"ಸಾಯಾಕತ್ತಿಲ್ಲೋ ಯಪ್ಪಾ! ಬರೇ ಕುಂತೇನಿ!"

ಅವನು ಪಾಪ, ಮುದುಕಿಗೆ ಏನೋ ಆಯಿತೆಂದು ಹೆದರಿ ಅವರ ತೋಳು ಹಿಡಿದು ನೆರಳಿನ ಕುರ್ಚಿಯತ್ತ ಕರೆದೊಯ್ದ. "ವಕೀಲಾ, ನೋಡಾಕತ್ತೀಯೇನೋ? ನಿಮ್ಮವ್ವನ್ನ ಆಚಿ ದ್ವೀಪಕ್ಕ ಒಯ್ಯಾಕತ್ತಾನ!" ಎಂದು ಅತ್ತೆ ಕೂಗಿದರು. ಕುರ್ಚಿ ಕೊಟ್ಟ, ನೀರು ಕೊಟ್ಟ, ಆದರೂ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಕೊನೆಯ ಬೋಟು ಹಾರ್ನ್ ಹೊಡೆಯಿತು. ಅತ್ತೆ ಕಚ್ಚೆ ಬಿಗಿದು ಓಟ ಕಿತ್ತರು ನೋಡಿ, ಮೊಣಕಾಲು ನೋವು ಎಲ್ಲಿ ಹೋಯಿತೋ!

ಹಿಂದೆ ಯಜಮಾನರು ಎದೆ ಹಿಡಿದು ಏದುಸಿರು ಬಿಡುತ್ತ, "ತಡಿ ಅವ್ವಾ, ಉಸರು ನಿಂತಂಗ ಆಗಾಕತ್ತದ" ಎಂದರು.

ಅತ್ತೆ ತಿರುಗಿಯೂ ನೋಡಲಿಲ್ಲ.

"ಇಲ್ಲಿ ಬ್ಯಾಡೋ! ಬೋಟ್ ಹತ್ತಿ ನಿಂದ್ರಸ್ಕೋ!"