ಏಳು ಟಿಕ್‌ಗಳ ಮಾವ

ಹೆಂಡತಿಯ ಅಪ್ಪಣೆ ಪಡೆದು ಮನೆಯಿಂದ ಹೊರಡುವ ಗಂಡಸರು ಮದರಾಸಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಕಾರಿನ ಅಪ್ಪಣೆ ಪಡೆದು ಹೊರಡುವವರು ನಮ್ಮ ಸೋದರಮಾವ ಒಬ್ಬರೇ! ಉತ್ಪ್ರೇಕ್ಷೆ ಎಂದು ನೀವು ಆಕ್ಷೇಪಿಸಬಹುದು. ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವಳು, ಆಧಾರವಿಲ್ಲದೆ ಬಾಯಿ ತೆರೆಯುವುದಿಲ್ಲ. ಕೇಳಿ.

ಮಾವನ ಕಾರು ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದರ ಡಿಕ್ಕಿಯ ಮೂಲೆಯಲ್ಲಿ ಲೋಟದ ಗಾತ್ರದ ಒಂದು ವಿದ್ಯುತ್ ಪಂಪು ಕೂತಿದೆ. ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ದೂಡುವುದು ಅದರ ಉದ್ಯೋಗ. ಕೀಲಿ ತಿರುಗಿಸಿದೊಡನೆ ಟಿಕ್, ಟಿಕ್ ಎಂದು ಬಡಿದುಕೊಂಡು, ಬೇಕಾದಷ್ಟು ಕಳಿಸಿ ಸುಮ್ಮನಾಗುತ್ತದೆ. ಮುದಿ ಪಂಪಾದ್ದರಿಂದ ಆಮೇಲೂ ಆಗೊಮ್ಮೆ ಈಗೊಮ್ಮೆ ಒಂದು ಟಿಕ್ ಎನ್ನುತ್ತದೆ, ಊಟವಾದ ಮೇಲೆ ತೇಗಿದ ಹಾಗೆ. ಬೇರೆಯವರಾಗಿದ್ದರೆ ಕೀಲಿ ತಿರುಗಿಸಿ, ಸ್ಟಾರ್ಟರ್ ಎಳೆದು ಹೊರಟುಬಿಡುತ್ತಿದ್ದರು. ಮಾವ ಕಣ್ಣು ಮುಚ್ಚಿ ಎಣಿಸುತ್ತಾರೆ. ಏಳು ಟಿಕ್ ಆದರೆ ಪ್ರಯಾಣ. ನಿಲ್ಲದೆ ಬಡಿದುಕೊಂಡರೆ ಟ್ಯಾಂಕು ಖಾಲಿ. ಏನೂ ಕೇಳಿಸದಿದ್ದರೆ ಸ್ಟಾರ್ಟರಿನ ಮೇಲೆ ಕೈ ಇಡುವ ಹಾಗೇ ಇಲ್ಲ!

"ಸುಮ್ನೆ ಸ್ಟಾರ್ಟರ್ ಎಳೆದು ನೋಡಬಾರದಾ ಮಾವ?" ಎಂದು ಒಮ್ಮೆ ಕೇಳಿದೆ.

"ಅದು ಮಾತಾಡದೆ ನಾನು ಹೊರಡೋದಾ? ಮರ್ಯಾದೆ ಬೇಡ್ವೇನೇ ಲಾಯರಮ್ಮ?"

ಈ ಮರ್ಯಾದೆಗೆ ಹಿನ್ನೆಲೆ ಇದೆ. ಮಾವ ಮೂವತ್ತು ವರ್ಷ ರೈಲ್ವೆಯಲ್ಲಿ ತಂತಿ ಮಾಸ್ತರರಾಗಿದ್ದವರು. ನಮಗೆ ಹಲ್ಲಿ ಲೊಚಗುಟ್ಟಿದಂತೆ ಕೇಳುವ ಟೆಲಿಗ್ರಾಫ್ ಯಂತ್ರದ ಕಟ್ಟು ಕಡ ಶಬ್ದ ಅವರಿಗೆ ರೈಲುಗಳ ಹೊತ್ತು, ವರ್ಗಾವಣೆ, ಸಾವು, ಹೆರಿಗೆ. "ನೂರು ಮೈಲಿ ಆಚೆ ಒಬ್ಬ ಬೆರಳು ಅಲುಗಿಸಿದ್ರೆ ಈ ಕಿವಿಗೆ ಗೊತ್ತಾಗ್ತಿತ್ತು" ಎಂದು ಬಲಗಿವಿಯನ್ನು ತಟ್ಟಿ ತೋರಿಸುತ್ತಿದ್ದರು. ನಿವೃತ್ತರಾದ ಮೇಲೆ ಆ ಕಿವಿಗೆ ಉಳಿದ ಒಂದೇ ನೌಕರಿ ಈ ಪಂಪು.

ಒಂದು ಸಲ ಪ್ಯಾರೀಸ್ ಕಾರ್ನರ್‌ನ ನಡುಬೀದಿಯಲ್ಲಿ, ಹಿಂದೆ ಈರುಳ್ಳಿ ಮೂಟೆಗಳ ಕೈಗಾಡಿ, ಮುಂದೆ ಜಟಕಾ, ಕಾರು ನಿಂತುಬಿಟ್ಟಿತು. ಅತ್ತೆ ಅರಿಸಿನ ಕೊಳ್ಳಲು ಹೋಗಿದ್ದರು. ಮಾವ ಪಂಚೆ ಎತ್ತಿ ಕಟ್ಟಿ ಡಿಕ್ಕಿಯೊಳಗೆ ತಲೆ ಮುಂದಾಗಿ ಇಳಿದರು. ಹೊರಗೆ ಎರಡು ಕಾಲು ಮಾತ್ರ! ನಾನೋ ಹಿಂದಿನ ಸೀಟಿನಲ್ಲಿ ಮರುದಿನದ ಚರ್ಚೆಗೆ ಅಭ್ಯಾಸ ಮಾಡುತ್ತಿದ್ದೆ. ವಿಷಯ: ವಿಜ್ಞಾನದಿಂದ ಮನುಷ್ಯ ಸುಖಿಯಾಗಿದ್ದಾನೆಯೇ? ನಾನು ವಿರುದ್ಧ ಪಕ್ಷ. ಕೆಟ್ಟ ಕಾರಿನಲ್ಲಿ ಕೂತವಳಿಗೆ ಅದಕ್ಕಿಂತ ಅನುಕೂಲವಾದ ಪಕ್ಷ ಉಂಟೇ? ಕೈಯೆತ್ತಿ, ದನಿಯೇರಿಸಿ, ಕೊನೆಯ ವಾಕ್ಯವನ್ನು ಬೀದಿಗೆಲ್ಲ ಕೇಳುವಂತೆ ಮುಗಿಸಿದೆ. ಅದೇ ಗಳಿಗೆಗೆ ಡಿಕ್ಕಿಯಿಂದ ಗರ್ಜನೆ ಬಂತು:

"ಅರ್ತಿಲ್ಲ! ಒಂದಿಷ್ಟೂ ಅರ್ತಿಲ್ಲ!"

ನನ್ನ ಮುಖ ಸಪ್ಪಗಾಯಿತು. ಅರ್ಥ ಎಂಬ ಮಾತು ತಮಿಳಿಗೂ ಕನ್ನಡಕ್ಕೂ ಒಂದೇ ಅಲ್ಲವೇ? ಕೈಗಾಡಿಯವನಿಗೂ ನನ್ನ ಮೇಲೆ ಕರುಣೆ ಹುಟ್ಟಿತು. ಡಿಕ್ಕಿಯ ಹೊರಗಿದ್ದ ಕಾಲುಗಳಿಗೆ ಬುದ್ಧಿ ಹೇಳಿದ: "ಸಾಮಿ, ಪಾಪ್ಪಾ ನಲ್ಲಾತ್ತಾನೆ ಪೇಸುಚ್ಚು!" ಮಗು ಚೆನ್ನಾಗಿಯೇ ಮಾತಾಡಿತಲ್ಲ, ಎಂದು.

ಮಾವ ಹೇಳಿದ್ದು ನನ್ನ ಭಾಷಣದ ಅರ್ಥವಲ್ಲ, ಪಂಪಿನ ಅರ್ತ್! ಇಂಗ್ಲಿಷಿನ ಭೂಮಿ, ಕರೆಂಟು ವಾಪಸ್ ಹೋಗುವ ದಾರಿ. ಹೊರಬಂದು ಮಸಿ ಮೂಗಿನಲ್ಲೇ ವಿವರಿಸಿದರು. ಅವರ ಆಯುಧ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ತಂತಿ. ಒಂದು ತಂತಿಯನ್ನು ಪಂಪಿಗೆ ಕರೆಂಟು ಬರುವ ಕಡೆ ಇಟ್ಟು, ಇನ್ನೊಂದನ್ನು ಕಾರಿನ ಮೈಗೆ ಹಿಡಿದರು, ದೀಪ ಹತ್ತಿತು. ಪಂಪಿನ ಮೈಗೆ ಹಿಡಿದರು, ಹತ್ತಲಿಲ್ಲ.

"ನೋಡಿದ್ಯಾ? ಕರೆಂಟು ಬರೋದೇನೋ ಬರ್ತಿದೆ. ವಾಪಸ್ ಹೋಗೋಕೆ ದಾರಿ ಇಲ್ಲ. ಕಳಿಸೋನು ಎಷ್ಟು ಕಳಿಸಿದ್ರೇನು, ಈ ಕಡೆಯಿಂದ ವಾಪಸ್ ಹೋಗದಿದ್ರೆ ಏನೂ ನಡೆಯೋಲ್ಲ. ತಂತಿ ಆಫೀಸಲ್ಲೂ ಅಷ್ಟೇ."

ಪಂಪನ್ನು ಕಾರಿನ ಮೈಗೆ ಸೇರಿಸುವ ಒಂದು ಸ್ಕ್ರೂವಿನ ಅಡಿಯಲ್ಲಿ ತುಕ್ಕು ಹಿಡಿದಿತ್ತು. ಉಜ್ಜಿದರು. ಟಿಕ್, ಟಿಕ್. ಏಳು! ಕೈಗಾಡಿಯವನು ಚಪ್ಪಾಳೆ ತಟ್ಟಿದ. ನನ್ನ ಭಾಷಣಕ್ಕೆ ಅವನು ತಟ್ಟಿರಲಿಲ್ಲ ಎಂಬುದನ್ನು ದಾಖಲಿಸಬಯಸುತ್ತೇನೆ.

ಅಂದು ನಾನು ಒಂದು ಸಂದೇಹವನ್ನೂ ಎತ್ತಿದ್ದೆ. "ದೀಪ ಹತ್ತದಿದ್ರೆ ಕರೆಂಟಿಲ್ಲ ಅಂತೀರಿ. ಬಲ್ಬೇ ಸುಟ್ಟುಹೋಗಿದ್ರೆ?" ಮಾವ ಎಷ್ಟು ಖುಷಿಯಾದರೆಂದರೆ ಮಸಿ ಕೈಯಿಂದಲೇ ನನ್ನ ಬೆನ್ನು ತಟ್ಟಿ ರವಿಕೆ ಕೆಡಿಸಿದರು. "ಅದಕ್ಕೇ ದೀಪಾನ ಮೊದಲು ಬ್ಯಾಟರಿಗೆ ಹಿಡಿದು ನೋಡ್ಬೇಕು. ಪರೀಕ್ಷೆ ಮಾಡೋದನ್ನೇ ಮೊದಲು ಪರೀಕ್ಷೆ ಮಾಡು!" ದೇವರು, ಜಾತಕ, ಪ್ರಾಧ್ಯಾಪಕರು ಯಾರನ್ನೂ ಬಿಡದ ನನ್ನಂಥ ಸಂದೇಹಿಗೂ ಇದಕ್ಕಿಂತ ಒಳ್ಳೆಯ ಸೂತ್ರ ಈವರೆಗೆ ಸಿಕ್ಕಿಲ್ಲ. ಇನ್ನೊಂದು ಕಟ್ಟಳೆಯೂ ಅವರದಿತ್ತು: ಪರೀಕ್ಷೆ ನಡೆಯುವಾಗ ಪಂಪನ್ನು ಮುಟ್ಟಕೂಡದು. ಕೈ ತಾಗಿದರೆ ಕೆಟ್ಟ ಪಂಪೂ ಒಮ್ಮೊಮ್ಮೆ ಓಡಿಬಿಡುತ್ತದೆ, ತಪ್ಪು ಅಡಗಿಕೊಳ್ಳುತ್ತದೆ. ಸಾಕ್ಷಿಯ ಬಾಯಿಗೆ ಮಾತು ತುರುಕಬಾರದು ಎಂಬ ಕೋರ್ಟಿನ ನಿಯಮದಂತೆಯೇ ಅಲ್ಲವೇ?

ಇಷ್ಟು ಶಿಸ್ತಿನ ಮನುಷ್ಯ ಇತ್ತೀಚೆಗೆ ವಾದದಲ್ಲಿ ಮಾತ್ರ ಕುಟಿಲರಾಗುತ್ತಿದ್ದರು. ಪಂಚಾಂಗದಲ್ಲಿ ಮಳೆ ಬರುತ್ತದೆಂದು ಬರೆದದ್ದಕ್ಕೆ ಪುರಾವೆ ಏನು ಎಂದು ನಾನು ಕೇಳಿದರೆ, "ಹೌದು, ಸಾರಿಗೆ ಹುಳಿ ಜಾಸ್ತಿ" ಎನ್ನುತ್ತಿದ್ದರು! ಸೋಲುವ ಹೊತ್ತಿಗೆ ವಿಷಯ ಬದಲಿಸುವ ಹಳೆಯ ತಂತ್ರ ಎಂದು ನಾನು ಮನಸ್ಸಿನಲ್ಲೇ ಅಂಕ ಕಳೆಯುತ್ತಿದ್ದೆ. ರೇಡಿಯೋ ವಾರ್ತೆಯನ್ನು ಎದುರುಮನೆಯವರಿಗೂ ಕೇಳಿಸುತ್ತಿದ್ದರು. ಅದಕ್ಕೆ ಪರೋಪಕಾರವೆಂದು ಹೆಸರಿಟ್ಟವಳೂ ನಾನೇ.

ಚರ್ಚಾಸ್ಪರ್ಧೆಗಳ ಗಲಾಟೆಯಲ್ಲಿ ಎರಡು ಭಾನುವಾರ ಹಾಸ್ಟೆಲಿನಿಂದ ಬರಲಾಗಲಿಲ್ಲ. ಮೂರನೆಯ ಭಾನುವಾರ ಬೆಳಿಗ್ಗೆ ತಿರುವಲ್ಲಿಕ್ಕೇಣಿಯ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಮೊಕದ್ದಮೆ ಮಂಡಿಸಿದರು.

"ಬಾಮ್ಮ. ನಿಮ್ಮ ಮಾವ ಹದಿನೈದು ದಿನದಿಂದ ಡಿಕ್ಕೀಲೇ ಸಂಸಾರ ಹೂಡಿದಾರೆ. ಕಾಫಿಯೂ ಅಲ್ಲಿಗೇ. ಇವತ್ತು ತಿರುವೊಟ್ಟಿಯೂರಿಗೆ ನಮ್ಮಕ್ಕನ ಮನೆ ಊಟಕ್ಕೆ ಈ ಕಾರು ಹೋಗ್ಲಿಲ್ಲ ಅಂದ್ರೆ ನಾಳೆ ಹಳೇ ಕಬ್ಬಿಣದೋನು ಬಂದು ಎಳ್ಕೊಂಡು ಹೋಗ್ತಾನೆ. ಅವರೇ ಮಾತು ಕೊಟ್ಟಿದಾರೆ, ಕೇಳು ಬೇಕಾದ್ರೆ."

"ಮೆಕ್ಯಾನಿಕ್ಕನ್ನ ಕರೀಬಾರದಾ ಅತ್ತೆ?"

"ಕರೆದಿದ್ದೆ. ಅವನು ಸ್ಟಾರ್ಟರಿಗೆ ಕೈ ಹಾಕಿದ್ದೇ ತಡ, ಇವರು ಓಡಿಸಿಬಿಟ್ರು. ಸಾಕಾಗಿದೆ, ನಾನು ಆ ಕಡೆ ತಲೇನೂ ಹಾಕೋಲ್ಲ."

ಮಾವ ಡಿಕ್ಕಿಯ ಅಂಚಿನಲ್ಲಿ ಕೂತಿದ್ದರು. ಗಡ್ಡ ಬೆಳೆದಿತ್ತು. ಫ್ಯೂಸು ಉಜ್ಜಿದ್ದರು. ಬ್ಯಾಟರಿಯಿಂದ ಪಂಪಿನವರೆಗೆ ತಂತಿಯನ್ನೇ ಹೊಸದಾಗಿ ಎಳೆದಿದ್ದರು. ಪಂಪನ್ನು ಬಿಚ್ಚಿ ಒಳಗಿನ ಬೆಳ್ಳಿಯ ಚುಕ್ಕೆಯಷ್ಟು ಸಣ್ಣ ಪಾಯಿಂಟುಗಳನ್ನು ಕನ್ನಡಿಯಂತೆ ಹೊಳೆಸಿದ್ದರು.

"ದೀಪ ಎಲ್ಲಾ ಕಡೆ ಹತ್ತುತ್ತೆ ಕಣೇ. ಅರ್ತೂ ಇದೆ. ಆದ್ರೂ ಬಾಯಿ ಬಿಡ್ತಿಲ್ಲ. ನನ್ನ ಮೇಲೆ ಏನು ಮುನಿಸೋ." ನಗಲು ನೋಡಿದರು, ಆಗಲಿಲ್ಲ. "ಹೋಗು, ಕೀಲಿ ತಿರುಗಿಸು. ಇದೇ ಕೊನೇ ಸಲ."

ಮುಂದೆ ಹೋಗಿ ತಿರುಗಿಸಿದೆ. ಡಿಕ್ಕಿಯಿಂದ ಸ್ಪಷ್ಟವಾಗಿ ಕೇಳಿಸಿತು. ಟಿಕ್, ಟಿಕ್, ಟಿಕ್... ಏಳು!

"ಆಯ್ತಲ್ಲ ಮಾವ!" ಎಂದು ಕೂಗಿದೆ.

"ಆಯ್ತಾ? ತಿರುಗಿಸಿ ಆಯ್ತಾ?" ಎಂದು ಹಿಂದಿನಿಂದ ಮಾವ ಕೂಗಿದರು. "ನೋಡು ಮತ್ತೆ. ಉಸಿರೇ ಇಲ್ಲ."

ಸ್ಟಿಯರಿಂಗಿನ ಮೇಲೆ ನನ್ನ ಕೈ ಹಾಗೆಯೇ ನಿಂತಿತು. ಹುಳಿ ಜಾಸ್ತಿಯಾದ ಸಾರು, ಎದುರುಮನೆಯ ತನಕ ಕೇಳುವ ವಾರ್ತೆ, ನಾನು ಕಳೆದ ಅಂಕಗಳು. ಅವರು ಯಾವ ತಂತ್ರವನ್ನೂ ಮಾಡಿರಲಿಲ್ಲ.

ಒಪ್ಪಿಕೊಳ್ಳುತ್ತೇನೆ: ಮೊದಲು ಬಂದ ಯೋಚನೆ ಗೆಲುವಿನದೇ. ಇಷ್ಟು ವರ್ಷದಲ್ಲಿ ಮಾವನ ವಿರುದ್ಧ ಇಷ್ಟು ಗಟ್ಟಿ ಪುರಾವೆ ಸಿಕ್ಕಿರಲಿಲ್ಲ. ಅವರಿಗೆ ಎಸೆಯಲು ವಾಕ್ಯವೂ ಸಿದ್ಧವಾಗಿತ್ತು. ಅದನ್ನು ಹಿಡಿದುಕೊಂಡೇ ಹಿಂದಕ್ಕೆ ನಡೆದೆ. ಅವರು ಬಲಗಿವಿಯನ್ನು ಪಂಪಿನ ಕಡೆಗೆ ವಾಲಿಸಿ, ಕಣ್ಣು ಮುಚ್ಚಿ ಕೂತಿದ್ದರು. ಪಂಪು ಒಂದು ಸಲ ಟಿಕ್ ಎಂದು ತೇಗಿತು. ಅವರ ರೆಪ್ಪೆಯೂ ಅಲುಗಲಿಲ್ಲ.

ಆ ವಾಕ್ಯವನ್ನು ಅಲ್ಲೇ ಕೈಬಿಟ್ಟೆ. ಪಕ್ಕದಲ್ಲಿ ಕೂತು, ಅವರ ಮುಖಕ್ಕೆ ಮುಖ ಕೊಟ್ಟು, "ಮಾವ, ಒಂದ್ಸಲ ಮುಟ್ಟಿ ನೋಡಿ" ಎಂದೆ.

"ಮುಟ್ಟಬಾರದು ಕಣೇ. ನಿಯಮ."

"ವಿನಾಯಿತಿ ಕೊಡಿ. ಪ್ರತಿಪಕ್ಷದ ಕೋರಿಕೆ."

ಅವರ ತೋರುಬೆರಳನ್ನು ಹಿಡಿದು ಪಂಪಿನ ಮೇಲಿಟ್ಟೆ. ಕಾದೆವು. ಒಳಗೆ ಅತ್ತೆ ಒಗ್ಗರಣೆ ಹಾಕುವ ಸದ್ದು. ಬೀದಿಯಲ್ಲಿ ಸೊಪ್ಪಿನವಳ ಕೂಗು. ಆಮೇಲೆ, ಟಿಕ್.

ಮಾವ ಕಣ್ಣು ತೆರೆದರು. ಬೆರಳು ತೆಗೆಯಲಿಲ್ಲ. ಇನ್ನೊಂದಕ್ಕೆ ಕಾದರು. ಅದೂ ಬಂತು. ಆಗ ಅವರು ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ಪೂರ್ತಿ ಓದಿಕೊಂಡರು. ತಂತಿ ಮಾಸ್ತರರಿಗೆ ಅರ್ಧ ಸಂದೇಶ ಸಾಕು. ಎಡಗೈಯಲ್ಲಿದ್ದ ಪುಟ್ಟ ಬಲ್ಬನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಬಲಗಿವಿಯನ್ನೊಮ್ಮೆ ಮುಟ್ಟಿ ಮೆಲ್ಲಗೆ ಹೇಳಿದರು:

"ದೀಪಾನ ಮೊದಲು ನೋಡ್ಬೇಕಿತ್ತು, ಅಲ್ವೇ ಲಾಯರಮ್ಮ?"

ಒಂದು ಗಂಟೆಯ ಮೇಲೆ, ಕ್ಷೌರ ಮಾಡಿಕೊಂಡು, ಇಸ್ತ್ರಿ ಪಂಚೆಯುಟ್ಟು ಸ್ಟಿಯರಿಂಗಿನ ಮುಂದೆ ಕೂತರು. ಅತ್ತೆ ಹಿಂದಿನ ಸೀಟಿನಲ್ಲಿ, ಅಕ್ಕನಿಗೆಂದು ತಂದ ಹಪ್ಪಳದ ಡಬ್ಬಿ ತೊಡೆಯ ಮೇಲೆ. ಕೀಲಿ ತಿರುಗಿತು. ಮಾವ ಕಣ್ಣು ಮುಚ್ಚಲಿಲ್ಲ. ಸುಮ್ಮನೆ ಎಡಗೈಯನ್ನು ಪಕ್ಕದಲ್ಲಿ ಕೂತ ನನ್ನ ಕಡೆ ಚಾಚಿದರು. ಪಂಪು ಅಂದದ್ದನ್ನೆಲ್ಲ ನಾನು ಅವರ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟುತ್ತ ಹೋದೆ. ಗಂಟೆಯ ಹಿಂದಷ್ಟೇ ಪೆಟ್ರೋಲು ಕಳಿಸಿದ್ದಕ್ಕೋ ಏನೋ, ಈ ಸಲ ಬಂದದ್ದು ಐದೇ. ಇನ್ನೆರಡನ್ನು ನಾನೇ ತಟ್ಟಿದೆ. ಚರ್ಚಾಕೂಟದವಳಾಗಿ ನಾನು ಕೊಟ್ಟ ಮೊದಲ ಸುಳ್ಳುಸಾಕ್ಷಿ ಅದು.

ಮಾವ ಸ್ಟಾರ್ಟರ್ ಎಳೆದರು. ಕಾರು ಎದ್ದಿತು. ಹೊರಡುವ ಮೊದಲು ಅವರು ನನ್ನ ಮುಂಗೈ ಮೇಲೆ ಏನನ್ನೋ ತಟ್ಟಿದರು. ಚಿಕ್ಕದು, ಉದ್ದದ್ದು, ಮತ್ತೆ ಚಿಕ್ಕದು. ತಂತಿಯ ಭಾಷೆ ನನಗೆ ಬಾರದು.

"ಏನು ಮಾವ ಇದರ ಅರ್ಥ?" ಎಂದೆ.

"ಅರ್ತಾ?" ಎಂದು ಗೇರು ಹಾಕಿದರು. "ಅರ್ತ್ ಚೆನ್ನಾಗೇ ಇದೆ ಕಣೇ."

ತಪ್ಪು ಕೇಳಿಸಿಕೊಂಡು ಹೇಳಿದರೋ, ಸರಿಯಾಗಿ ಕೇಳಿಸಿಕೊಂಡೇ ಹೇಳಿದರೋ. ನಾನು ಪುರಾವೆ ಕೇಳಲಿಲ್ಲ.