ಆಕಾಶದ ಚಕ್ರವರ್ತಿ, ಇಬ್ಬರು ಬೀಗರು

ನಾ ಎಲ್ಲಿ ಕುಂತರೂ ಅಲ್ಲೊಂದು ಏನರ ಆಗ್ತದ. ನಾ ಮಾಡೂದಲ್ಲ, ತಾನ ಆಗ್ತದ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟು, ನಲವತ್ತು ವರ್ಷ ರಾಯಚೂರಿನ ರೈಸ್ ಮಿಲ್ಲಿನ ಲಾರಿ ಹೊಡದಾಂವ ನಾನು. ಸ್ಟೇರಿಂಗ್ ಬಿಟ್ಟು ಮನ್ಯಾಗ ಕುಂತಮ್ಯಾಲರ ಎಲ್ಲಾ ಸುಮ್ಮನಾಗ್ತದ ಅಂದ್ಕೊಂಡಿದ್ದೆ. ಈಗ ತಂಟಿ ಆಕಾಶದಾಗಿಂದ ಬರಾಕತ್ತಾವ.

೧. ಚಕ್ರ ಇಲ್ಲದ ಗಾಡಿ

ನನ್ನ ಮೊಮ್ಮಗಳು ದೇವದುರ್ಗದಾಗ ನರ್ಸ್. ಅಕಿ ಒಂದು ಕಾದಂಬರಿ ಬರದಾಳ. ಅದರಾಗ ಒಂದು ಹುಡುಗಿ, ಆಕಾಶದಾಗ ಹಡಗು ಹೊಡೀತಾಳ. ಹುಡುಗಿ ಅಪ್ಪ ಒಣ ಗ್ರಹದಾಂವ, ಅವ್ವ ನೀರಿನ ಗ್ರಹದಾಕಿ. ಒಣ ಗ್ರಹದಾಗ ಇಳದ್ರ "ನೀ ನೀರಿನಾಕಿ, ನಡಿ" ಅಂತಾರ. ನೀರಿನ ಗ್ರಹದಾಗ ಇಳದ್ರ "ನೀ ಒಣ ಮಂದಿ, ನಡಿ" ಅಂತಾರ. ಪಾಪ, ಹಡಗಿನ್ಯಾಗ ಉಣ್ಣಬೇಕು, ಹಡಗಿನ್ಯಾಗ ಮಲಗಬೇಕು.

ಇದು ಎಲ್ಲಿಂದ ಬಂತು ಅಂತ ನಮಗೇನು ಗೊತ್ತಾಗೂದಿಲ್ಲೇನು. ನನ್ನ ಮಗ ಮಾನ್ವಿ ಕಡಿ ಕ್ಯಾಂಪಿನ, ಕಾಲುವಿ ನೀರಿಗೆ ಬಂದು ನೆಲಸಿದ ತೆಲುಗು ಮಂದಿ ಹುಡುಗಿನ ರಿಜಿಸ್ಟರ್ ಮದುವಿ ಆದ. ಇಬ್ಬರು ಗೆಳ್ಯಾರು ಸಹಿ ಹಾಕಿದ್ರು, ಮುಗೀತು. ನಾನೂ ಹೋಗಲಿಲ್ಲ, ಬೀಗನೂ ಬರಲಿಲ್ಲ. ಆಮ್ಯಾಲ ಈ ಹುಡುಗಿ ಹುಟ್ಟಿತು. ನಮ್ಮ ಓಣ್ಯಾಗ ಅಕಿಗೆ "ಕ್ಯಾಂಪಿನಾಕಿ" ಅಂತಾರ, ಕ್ಯಾಂಪಿನ್ಯಾಗ "ರಾಯಚೂರಾಕಿ" ಅಂತಾರ. ಸುಳ್ಳ ಯಾಕ ಹೇಳ್ಲಿ, ನಾನೂ ಅಂದೀನಿ.

ಭಾನುವಾರ ಬಂದಾಗ ಒಂದೊಂದ ಪಾಠ ಓದಿ ಹೇಳತಿದ್ಲು. ಮೊದಲನೇ ಪಾಠದಾಗ ಹಡಗು ಭರ್ರಂತ ಮ್ಯಾಲ ಏರಿತು. ನಾ ತಡದೆ. ಗಾಡಿ ಹೊಸಾದು ಅಂತಿ, ನಿಂಬಿಹಣ್ಣು ಎಲ್ಲಿ ಇಟ್ಟಿ ಅಂತ ಕೇಳಿದೆ.

"ಮುತ್ಯಾ, ಅದಕ್ಕ ಚಕ್ರನ ಇಲ್ಲ."

ಚಕ್ರ ಇಲ್ಲದ ಗಾಡಿಗೆ ನಿಂಬಿಹಣ್ಣೂ ಇಲ್ಲ ಅಂದ್ರ, ಅದು ಹೊಂಟಿದ್ದ ದೊಡ್ಡದು ಅಂದೆ. ಮುಂದಿನ ಸಲ ಬಂದು ಓದ್ತಾಳ, ಹಡಗಿನ ಬಾಗಲಕ್ಕ ನಿಂಬಿಹಣ್ಣು-ಮೆಣಸಿನಕಾಯಿ ಕಟ್ಟ್ಯಾಳ. ಅವತ್ತಿನಿಂದ ಆ ಪುಸ್ತಕ ಅರ್ಧ ನಾನ ಬರದೀನಿ ಅಂತ ಎಲ್ಲಾರಿಗೂ ಹೇಳಿಕೋತ ಬಂದೀನಿ.

೨. ಟೈಪ್ ಮಾಡಾಕಿ

ಆ ಆಕಾಶಕ್ಕೆಲ್ಲಾ ಒಬ್ಬ ಚಕ್ರವರ್ತಿ ಇದ್ದಾನ. ಮುದುಕ. ಗಿರಿಜಾ ಮೀಸಿ, ದೊಡ್ಡ ಬಾಯಿ. ಯಾರ ಹಡಗು ಬಂದರೂ ಮೊದಲು ಕೇಳೂದು ಒಂದ: "ಯಾವೂರು, ಯಾರ ಪೈಕಿ?" ಅದಕ್ಕ ಸರಿಯಾಗಿ ಹೇಳದಿದ್ರ ಇಳಿಯಾಕ ಬಿಡಂಗಿಲ್ಲ. ಕೇಳಿದ ಕೂಡ್ಲೆ ನಾ ಗುರುತು ಹಿಡದೆ. ಇವ ನಮ್ಮ ಬೀಗ. ಆ ಮೀಸಿ ಮಾನ್ವಿ ತಾಲೂಕಿಗೆಲ್ಲಾ ಗೊತ್ತು. ಹುಡುಗಿ ಏನ್ ಬರದಾಳಪಾ ಅಂತ ಭಾಳ ಖುಷಿ ಆತು.

ಒಮ್ಮೆ ಆ ಪಾಠ ತಗೊಂಡು ರಾಯಚೂರಿನ ಡಿಟಿಪಿ ಅಂಗಡಿಗೆ ಕೊಟ್ಟು ಬಾ ಅಂದ್ಲು. ಹೋದೆ. ಟೈಪ್ ಮಾಡೋ ಹೆಣ್ಣಮಗಳು ಹಾಳಿ ನೋಡತಾಳ, ನನ್ನ ನೋಡತಾಳ, ಮತ್ತ ಹಾಳಿ ನೋಡತಾಳ. ಈ ಚಕ್ರವರ್ತಿ ಯಾರ್ರೀ ಯಜಮಾನ್ರ ಅಂತ ಕೇಳಿದ್ಲು. ನಮ್ಮ ಬೀಗ ಅಂದೆ. ಬೀಗ್ರು ನಿಮ್ಮಂಗ ಇರ್ತಾರೇನ್ರಿ ಅಂದ್ಲು.

"ಏಯ್ ತಂಗಿ, ನನ್ನಂಥಾಂವ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟಂಗೂ ಇಲ್ಲ."

ಅಕಿ ಹಾಳಿ ಈ ಕಡಿ ತಿರುವಿ ಒಂದು ಸಾಲಿನ ಮ್ಯಾಲ ಬಟ್ಟು ಇಟ್ಟಳು. ಅಕ್ಷರ ಕೂಡಿಸಿ ಓದಿದೆ. ಚಕ್ರವರ್ತಿ ನಾ ಈಗ ಅಂದದ್ದನ್ನ ಹೇಳಾಕತ್ತಿದ್ದ, ಒಂದ ಒಂದು ಮಾತು ಬಿಡದಂಗ.

ನೋಡ್ರಿ ಆ ಬೀಗನ ಸೊಕ್ಕು. ಮಾತು ಸೈತ ನಂದ ಕದ್ದಾನ.

೩. ಹಾರ್ನ್

ಪುಸ್ತಕ ಅಚ್ಚಾತು. ಆಗ ಹುಡುಗಿ ಒಂದು ಕರಾರು ಹಾಕಿದ್ಲು. ಬಿಡುಗಡಿ ದಿನ ಮುತ್ಯಾ ಅಂದ್ರ ನಾನು, ತಾತ ಅಂದ್ರ ಬೀಗ, ಇಬ್ಬರೂ ಸ್ಟೇಜಿನ ಮ್ಯಾಲ ಕೂಡಬೇಕು. ಒಬ್ಬರು ಬರದಿದ್ರ ಕಟ್ಟು ಬಿಚ್ಚಂಗಿಲ್ಲ, ಪುಸ್ತಕ ಪ್ರೆಸ್ಸಿನ್ಯಾಗ ಕೊಳೀಲಿ ಅಂದ್ಲು. ಅಕಿ ದನಿ ಕೇಳಿ ನಾ ಹೂಂ ಅಂದೆ. ನಾಕು ವರ್ಷ ಡ್ಯೂಟಿ ಮುಗಿಸಿ ಬಂದು ಬರದಾಳ.

ನಮ್ಮ ಕಡಿ ಮನಿಗೆ ಹೋಗಿ ಕರೀದಿದ್ರ ಬೀಗ್ರು ಬರಂಗಿಲ್ಲ. ನಾನ ಹೋಗಬೇಕಾತು. ಆ ಮನಿ ಮುಂದ ಭತ್ತದ ಲೋಡ್ ತಗೊಂಡು ಎಷ್ಟ ಸಲ ಹಾದೀನೋ. ಹಾದಾಗೊಮ್ಮೆ ಹಾರ್ನ್ ಹೊಡೀತಿದ್ದೆ, ನಮಸ್ಕಾರಕ್ಕಲ್ಲ, ನಿದ್ದಿ ಕೆಡಸಾಕ.

ಬೀಗ ಕುರ್ಚಿ ಹಾಕಿದ, ನೀರು ಕೊಟ್ಟ. ನಾ ಬಿಡುಗಡಿ ಕಾಗದ ಕೊಟ್ಟೆ. ಇಬ್ಬರೂ ಅಂಗಳದಾಗಿನ ಎಮ್ಮಿ ನೋಡಿಕೋತ ಕುಂತ್ವಿ. ಕಡೀಕ ಅವನ ತನ್ನ ತೆಲುಗು ಧಾಟಿಯ ಕನ್ನಡದಾಗ ಬಾಯಿ ಬಿಟ್ಟ. ಅಕಿ ಒಂದು ಭಾನುವಾರ ನಮ್ಮನಿಗೆ ಬಂದ್ರ, ಇನ್ನೊಂದು ಭಾನುವಾರ ಅಲ್ಲಿ ಹೋಗಿ ಓದಾಕಿ ಅಂತ ಆಗ ಗೊತ್ತಾತು.

"ಆ ಚಕ್ರವರ್ತಿ ಯಾರು ಅಂತ ತಿಳೀತೇನ್ರೀ ಬೀಗ್ರ?"

ತಿಳೀದ ಏನು ಅಂದೆ. ಅವ ನಕ್ಕ. ನಾನೂ ನಕ್ಕೆ. ಇಬ್ಬರೂ ತೊಡಿ ಬಡ್ಕೊಂಡು ಕಣ್ಣಾಗ ನೀರು ಬರೂತನಕ ನಕ್ವಿ. ಒಳಗಿನ ಹೆಣ್ಣಮಕ್ಕಳು ಬಾಗಲಾಗ ಬಂದು ನಿಂತು ಗಾಬರಿಯಾಗಿ ನೋಡಿದ್ರು. ಬಸ್ಸಿನ್ಯಾಗ ಕುಂತಮ್ಯಾಲ ನನಗ ಒಂದ ಚಿಂತಿ ಹತ್ತಿತು. ತನ್ನನ್ನ ಹಂಗ ಬೈದು ಬರದ್ರ, ಈ ಮನಷಾ ಅಷ್ಟ್ಯಾಕ ನಗತಾನ?

೪. ಗಂಡು ಎಲ್ಲಿ?

ಬಿಡುಗಡಿ ಕಾಗದ ನಾನ ಹಾಕಿಸಿದ್ದೆ. ನಾ ಹೋಗಿದ್ದ ಪ್ರೆಸ್ಸಿನಾಂವ ಲಗ್ನಪತ್ರಿಕಿ ಬಿಟ್ಟು ಬ್ಯಾರೆ ಏನೂ ಅಚ್ಚು ಹಾಕಿದಾಂವ ಅಲ್ಲ. ನಾನೂ ಬ್ಯಾರೆ ಕಾಗದ ನೋಡಿದಾಂವ ಅಲ್ಲ. ಮ್ಯಾಲ ಗಣಪತಿ, ನಡುವ ಮೊಮ್ಮಗಳ ಹೆಸರು ದಪ್ಪ ಅಕ್ಷರದಾಗ, ಎಡಕ್ಕ ನಮ್ಮ ಮನೆತನ, ಬಲಕ್ಕ ಬೀಗರ ಮನೆತನ, ಕೆಳಗ "ಸಹಕುಟುಂಬ ಬಂದು ಆಶೀರ್ವದಿಸಬೇಕು". ಪುಸ್ತಕದ ಸುದ್ದಿ ಎಲ್ಲೋ ಮೂಲ್ಯಾಗ ಸಣ್ಣದಾಗಿ ಇತ್ತಂತ.

ಮಟಮಾರಿಯಿಂದ ನಮ್ಮವರ ಒಂದು ಟೆಂಪೋ, ಮಾನ್ವಿ ಕಡಿ ಕ್ಯಾಂಪಿನಿಂದ ಬೀಗರ ಒಂದು ಟೆಂಪೋ. ಸೀರಿ, ಧೋತ್ರ, ಸ್ಟೀಲಿನ ಕೊಡ ಹಿಡಕೊಂಡು ಮಂದಿ ಬಿಡುಗಡಿ ಇಟ್ಟ ಹಾಲಿನ್ಯಾಗ ಬಂದ್ರು. ನಮ್ಮವರು ಎಡಕ್ಕ ಕುಂತ್ರು, ಕ್ಯಾಂಪಿನವರು ಬಲಕ್ಕ ಕುಂತ್ರು. ನಮ್ಮ ಅಕ್ಕ ಸ್ಟೇಜಿನ ತನಕ ಬಂದು ಗಂಡು ಎಲ್ಲಿ ಅಂದ್ಲು. ಗಂಡು ಇಲ್ಲ, ಪುಸ್ತಕ ಅದ ಅಂದೆ. ಇರ್ಲಿ ಬಿಡು, ಓದಿದ ಹುಡುಗಿ, ಅದನ್ನ ಇಷ್ಟಪಟ್ಟಿರಬೇಕು ಅಂದು ಹೋಗಿ ಕುಂತ್ಲು.

ಕಟ್ಟು ಬಿಚ್ಚಿದ್ರು. ಚಪ್ಪಾಳಿ ಹೊಡ್ಯೂದು ಬಿಟ್ಟು ಎಲ್ಲಾರೂ ಅಕ್ಕಿಕಾಳು ಒಗದ್ರು. ನಮ್ಮವರು ಮುಷ್ಟಿಯಷ್ಟು ತಂದಿದ್ರು, ಕ್ಯಾಂಪಿನವರು ಅಕ್ಕಿ ಬೆಳೆಯೋ ಮಂದಿ, ಅರ್ಧ ಚೀಲ ತಂದಿದ್ರು. ಸ್ಟೇಜಿನ ಮ್ಯಾಲ ನಮ್ಮ ಹಿಂದ ನಿಂತಿದ್ದ ನನ್ನ ಮಗ-ಸೊಸಿ ತಲಿ ಮ್ಯಾಲ ಎಲ್ಲಾ ಬಿತ್ತು. ರಿಜಿಸ್ಟರ್ ಆಫೀಸಿನ್ಯಾಗ ಅವರಿಗೆ ಒಂದು ಕಾಳು ಬಿದ್ದಿರಲಿಲ್ಲ. ಸೊಸಿ ತಲಿ ಝಾಡಿಸಲಿಲ್ಲ. ನಾ ನೋಡಿದ್ದು ಅಷ್ಟ, ಆಮ್ಯಾಲ ನನ್ನ ಕಣ್ಣಾಗೂ ಅಕ್ಕಿ ಬಿತ್ತು.

ಕಾಲೇಜ್ ಮಾಸ್ತರೊಬ್ಬರು ಕಡೀ ಪಾಠ ಓದಿದ್ರು. ಅದನ್ನ ಮೊಮ್ಮಗಳು ನಮಗ ಯಾರಿಗೂ ಓದಿ ಹೇಳಿರಲಿಲ್ಲ. ಚಕ್ರವರ್ತಿ ಹುಡುಗಿನ ಕೇಳತಾನ, ನೀ ಯಾರ ಪೈಕಿ. ಹುಡುಗಿ ಅಂತಾಳ, "ನಿನ್ನ ಪೈಕಿ." ಅವ ಮುಖ ನೋಡತಾನ. ತನ್ನ ಮೊಮ್ಮಗಳು. ಎದ್ದು ತಾನ ಹೋಗಿ ಬಾಗಲ ತಗೀತಾನ.

ಬೀಗ ನನ್ನ ಕಡಿ ಬಗ್ಗಿ ಅಂದ, "ಅಂತೂ ನೀವು ಬಾಗಲ ತಗದ್ರಿ."

"ನಾನಲ್ಲರೀ, ಅದು ನೀವು."

"ಛೇ, ಅಂಥಾ ಬಡಾಯಿ ನನಗೆಲ್ಲಿ ಬರ್ತದ್ರೀ, ಅದು ನೀವ."

"ಮೀಸಿ ಮುಟ್ಟಿ ನೋಡ್ಕೋರ್ರಿ."

ಮೈಕ್ ನಮ್ಮ ನಡುವ ಇತ್ತು. ಇಡೀ ಹಾಲ್ ಕೇಳಾಕತ್ತಿತ್ತು. ಮೊಮ್ಮಗಳು ಎದ್ದು ಬಂದು ಇಬ್ಬರ ಹೆಗಲ ಮ್ಯಾಲೂ ಕೈ ಇಟ್ಟಳು.

"ಮೀಸಿ ತಾತಂದು, ಮಾತು ಮುತ್ಯಾಂದು. ಅರ್ಧ ತಾತ, ಅರ್ಧ ಮುತ್ಯಾ. ನನ್ನಂಗ."

ಬೀಗ ಚಸ್ಮಾ ತಗದು ಒರಸಾಕತ್ತಿದ. ಎಡಕ್ಕಿನವರು ಬಲಕ್ಕಿನವರು ಎಲ್ಲಾ ನನ್ನ ಮಾರಿ ನೋಡಾಕತ್ತಿದ್ರು, ಹಿರ್ಯಾ ಏನರ ಎರಡು ಮಾತು ಆಡ್ತಾನ ಅಂತ. ನಾ ಎದ್ದು ನಿಂತು ಮೈಕ್ ಹಿಡದೆ.

"ಅರ್ಧ ಅಂದ್ರ ನಾ ಒಪ್ಪಂಗಿಲ್ಲ. ಮುಕ್ಕಾಲು ನಾನು."